ಯಜಮಾನರ ಅವಧಿ

ಬೆಳಿಗ್ಗೆ ಎದ್ದ ಕೂಡಲೇ ಗಂಡಸಿಗೆ ಬೇಕಾದದ್ದು ರಾಜ್ಯವಲ್ಲ, ಕೋಶವಲ್ಲ. ಒಂದು ಖಾಲಿ ಬಚ್ಚಲುಮನೆ. ಆ ಭಾಗ್ಯ ಬೀಗಪ್ಪನವರಿಗೆ ತಪ್ಪಿಹೋಗಿ ಬಹಳ ದಿನಗಳಾಗಿದ್ದವು. ಅವರ ಅತ್ತೆಯವರು ಮಂಡಿ ಆಪರೇಷನ್ ಮಾಡಿಸಿಕೊಂಡು, "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಮಗಳ ಮನೆಗೆ ಬಂದವರು. ಈಗ ಮಂಡಿ ವಾಸಿಯಾಗಿ, ಮಹಡಿ ಮೆಟ್ಟಿಲನ್ನು ಅಳಿಯನಿಗಿಂತ ಚುರುಕಾಗಿ ಹತ್ತುತ್ತಿದ್ದರು. ಆದರೆ ಆ ನಾಲ್ಕು ದಿನ ಮಾತ್ರ ಇನ್ನೂ ಮುಗಿದಿರಲಿಲ್ಲ. ಬೆಳಗಿನ ಬಿಸಿನೀರು ಅವರಿಗೆ, ಆಮೇಲಿನ ಉಗುರುಬೆಚ್ಚನೆಯದು ಕ್ಲಿನಿಕ್ಕಿಗೆ ಓಡಬೇಕಾದ ಮಗಳಿಗೆ, ತಣ್ಣೀರು ಮನೆಯ ಯಜಮಾನರಿಗೆ.

ಬೀಗಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಗೇಟಿನವರೆಗೆ ಹೋಗಿ, ಅನುಮಾನ ಬಂದು ವಾಪಸು ಬಂದು ಮತ್ತೊಮ್ಮೆ ಜಗ್ಗುವ ಅಳಿಯನನ್ನು ಕಂಡು ಅತ್ತೆಯವರೇ ಇಟ್ಟದ್ದು. (ಬೀಗರ ಮಗನಿಗೆ ಬೀಗದ ಹುಚ್ಚು, ಸಾಲದ್ದಕ್ಕೆ ಆ ಹುಚ್ಚಿನ ಮೇಲೆ ಬೀಗುವ ಚಟ, ಬೇರೆ ಯಾವ ಹೆಸರು ಹೊಂದುತ್ತಿತ್ತು ಹೇಳಿ?) ಅವರ ಉದ್ಯೋಗವೂ ಅದಕ್ಕೆ ತಕ್ಕದ್ದೇ. ದೊಡ್ಡ ಕಂಪನಿಯೊಂದರಲ್ಲಿ ವೆಬ್‌ಸೈಟುಗಳ ಭದ್ರತೆ ನೋಡಿಕೊಳ್ಳುವ ಇಂಜಿನಿಯರು. ನೀವು ಹೆಸರು, ಪಾಸ್‌ವರ್ಡ್ ಕೊಟ್ಟು ವೆಬ್‌ಸೈಟೊಂದರ ಒಳಹೊಕ್ಕರೆ ಅದು ನಿಮಗೊಂದು ಗುಟ್ಟಿನ ಚೀಟಿ ಕೊಡುತ್ತದೆ. ಚೀಟಿ ನಿಮ್ಮ ಫೋನಿನಲ್ಲಿ. ಅದು ಯಾರ ಚೀಟಿ ಎಂಬ ವಿವರ ಅವರ ಕಂಪ್ಯೂಟರಿನಲ್ಲಿ. ಅಲ್ಲಿಂದ ಮುಂದೆ ಯಾರೂ ನಿಮ್ಮ ಮುಖ ನೋಡುವುದಿಲ್ಲ, ಚೀಟಿ ನೋಡುತ್ತಾರೆ. ಒಳಗೆ ಬಂದಾಗಿನಿಂದ ಹೊರಗೆ ಹೋಗುವವರೆಗಿನ ಈ ವ್ಯವಹಾರಕ್ಕೆ ಸೆಷನ್ ಎಂದು ಹೆಸರು. ಆ ಚೀಟಿ ಕಂಡಕಂಡವರ ಕೈಗೆ ಸಿಗದಂತೆ ಕಾಯುವುದು, ಹೊತ್ತು ಮೀರಿದ ಚೀಟಿಯನ್ನು ಹರಿದು ಬಿಸಾಡುವುದು ಬೀಗಪ್ಪನವರ ಕಸುಬು.

ತಣ್ಣೀರಿನ ಸ್ನಾನದಿಂದ ತಲೆಗೆ ಚುರುಕು ಹೆಚ್ಚುತ್ತದೆ ಎನ್ನುತ್ತಾರೆ. ಒಂದು ದಿನ ನಡುಗುತ್ತ ಹೊರಬಂದ ಬೀಗಪ್ಪನವರಿಗೆ ದಿವ್ಯವಾದ ಯೋಚನೆಯೊಂದು ಹೊಳೆಯಿತು. ಇಡೀ ಕಂಪನಿಯನ್ನು ಹತೋಟಿಯಲ್ಲಿಡುವ ವಿದ್ಯೆಗೆ ಒಂದು ಬಚ್ಚಲು ಯಾವ ಲೆಕ್ಕ? ರಜೆಯ ಎರಡು ದಿನ ಕೂತು ಮನೆಗೇ ಒಂದು ವೆಬ್‌ಸೈಟ್ ಕಟ್ಟಿದರು. ಬಚ್ಚಲಿಗೆ ಯಾರು ಎಷ್ಟು ಹೊತ್ತಿಗೆ, ಪಾತ್ರೆ ತೊಳೆಯುವ ಸರದಿ ಯಾರದು, ಕಸ ಯಾರದು, ಎಲ್ಲವೂ ಅದರಲ್ಲಿ. ಕೆಲಸ ಮುಗಿಸಿದವರು ಒಳಗೆ ಹೋಗಿ 'ಮುಗಿಯಿತು' ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಕೆಲಸ ಆಗಿಲ್ಲವೆಂದೇ ಲೆಕ್ಕ. ಮರುದಿನದ ಸರದಿಯೂ ಅವರ ಕೊರಳಿಗೇ. ಬಟ್ಟೆಯ ಬೀರುವಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪು ಇದಕ್ಕೆಲ್ಲ ರಾಜಧಾನಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಟ್ಯಾಬು ಡಂಗುರ.

"ಇದೆಲ್ಲ ಯಾಕ್ರೀ?" ಎಂದಳು ಹೆಂಡತಿ. ಆಕೆ ಹಲ್ಲಿನ ಡಾಕ್ಟರು. ಎದುರಿಗಿದ್ದವರ ಬಾಯಿ ತೆರೆಸಿ ಮಾತು ನಿಲ್ಲಿಸುವ ವಿದ್ಯೆ ಆಕೆಗೆ ಕರಗತ. "ಮೂರು ಜನಕ್ಕೆ ಒಂದು ಬಚ್ಚಲು. ಬಾಗಿಲು ತಟ್ಟಿದ್ರೆ ಆಗಲ್ವಾ?"

"ತಟ್ಟೋದು ಸುರಕ್ಷಿತ ಅಲ್ಲ. ತಟ್ಟಿದ್ದು ಯಾರು ಅಂತ ಒಳಗಿರೋರಿಗೆ ಹೇಗೆ ಗೊತ್ತಾಗ್ಬೇಕು?"

"ನೀವಲ್ದೆ ಇನ್ಯಾರು ಬಾಗಿಲು ಮುರಿಯೋ ಥರ ತಟ್ತಾರೆ?"

ಬೀಗಪ್ಪನವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವೆಬ್‌ಸೈಟಿನಲ್ಲಿ ಮೂರು ವರ್ಣಗಳನ್ನು ಸೃಷ್ಟಿಸಿದ್ದರು: ಹೆಂಡತಿ 'ಬಳಕೆದಾರ', ಅತ್ತೆ 'ಅತಿಥಿ', ತಾವು 'ಯಜಮಾನ'. ಬಳಕೆದಾರರಿಗೂ ಅತಿಥಿಗೂ ಸರದಿಗಳಿದ್ದವು. ಯಜಮಾನನಿಗೆ ಯಾವ ಸರದಿಯೂ ಇರಲಿಲ್ಲ. ಕಾನೂನು ಮಾಡುವವರೇ ಪಾತ್ರೆ ತೊಳೆಯುತ್ತ ನಿಂತರೆ ಕಾನೂನು ಮಾಡುವವರು ಯಾರು ಎಂಬುದು ಅವರ ವಾದ. ಬಳಸದೆ ಹತ್ತು ನಿಮಿಷ ಸುಮ್ಮನಿದ್ದರೆ ವೆಬ್‌ಸೈಟ್ ತಾನಾಗಿಯೇ ಹೊರಗೆ ಹಾಕುತ್ತಿತ್ತು. ಈ ನಿಯಮದ ಮೊದಲ ಬಲಿ ಅತ್ತೆಯವರು. ಮಗಳು ಕೊಟ್ಟಿದ್ದ ಹಳೆಯ ಫೋನಿನಲ್ಲಿ ಒಳಗೆ ಹೋಗಿ, ಕನ್ನಡಕ ಹುಡುಕಲು ಎದ್ದು, ಅದು ತಲೆಯ ಮೇಲೇ ಇದೆಯೆಂದು ತಿಳಿದು ವಾಪಸು ಬರುವಷ್ಟರಲ್ಲಿ ಪರದೆಯ ತುಂಬ ದಪ್ಪಕ್ಷರ: 'ನಿಮ್ಮ ಅವಧಿ ಮುಗಿದಿದೆ.'

"ಬಾರೇ ಇಲ್ಲಿ!" ಎಂದು ಮಗಳನ್ನು ಕೂಗಿದರು. "ನಿನ್ನ ಗಂಡ ಏನು ಬರ್ಸಿದ್ದಾರೆ ನೋಡು. ನನ್ನ ಅವಧಿ ಮುಗಿದಿದೆಯಂತೆ! ಹೊಸ ಮಂಡಿಗೆ ಇಪ್ಪತ್ತು ವರ್ಷ ಯೋಚನೆಯಿಲ್ಲ ಅಂತ ಡಾಕ್ಟ್ರು ಹೇಳಿದ್ರೆ, ಇವರಿಗೆ ಹತ್ತು ನಿಮಿಷಕ್ಕೇ ಅವಸರ."

"ಅತ್ತೆ, ಅವಧಿ ಮುಗಿದಿರೋದು ನಿಮ್ದಲ್ಲ, ನಿಮ್ಮ ಸೆಷನ್‌ದು."

"ಕನ್ನಡಕ ಹುಡುಕೋದ್ರೊಳಗೆ ಹೊರಗೆ ಹಾಕೋದಾದ್ರೆ ಯಾವುದನ್ನ ಹಾಕಿದ್ರೂ ಒಂದೇ ಅಳಿಯಂದ್ರೇ."

"ಭದ್ರತೆ ಅತ್ತೆ, ಭದ್ರತೆ! ನೀವು ಎದ್ದು ಹೋದಾಗ ಇನ್ಯಾರಾದ್ರೂ ಬಂದು ನಿಮ್ಮ ಹೆಸರಲ್ಲಿ ಏನಾದ್ರೂ ಮಾಡಿಬಿಟ್ರೆ?"

"ನನ್ನ ಹೆಸರಲ್ಲಿ ಪಾತ್ರೆ ತೊಳೆದುಬಿಡ್ತಾರಾ? ತೊಳೀಲಿ ಬಿಡಿ, ಪುಣ್ಯ ಬರುತ್ತೆ."

ಹಾಗಾದರೆ ಯಜಮಾನರ ಅವಧಿ ಎಷ್ಟು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ, ಮನೆಯಲ್ಲಿ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಯಜಮಾನರಿಗೆ ಅವಧಿಯೇ ಇರಲಿಲ್ಲ. ಇದಕ್ಕೆ ಕಾರಣ ಅವರ ಪಾಸ್‌ವರ್ಡ್. 'ಪಾಸ್‌ವರ್ಡ್ ಉದ್ದವಾಗಿರಲಿ, ಮನದಾಳದಿಂದ ಬಂದ ಒಂದು ಇಡೀ ವಾಕ್ಯವಾಗಿರಲಿ, ಆಗ ಮರೆಯುವ ಮಾತೇ ಇಲ್ಲ' ಎಂದು ಊರಿಗೆಲ್ಲ ಸಾರುತ್ತಿದ್ದ ಬೀಗಪ್ಪನವರು ತಾವೂ ಮನದಾಳದಿಂದಲೇ ಒಂದನ್ನು ಎತ್ತಿದ್ದರು. (ನಿಮ್ಮಲ್ಲೇ ಇರಲಿ: 'ಅತ್ತೆಯವರು ತಮ್ಮ ಮನೆಗೆ ಹೊರಡುವುದು ಯಾವಾಗ' ಎಂಬುದೇ ಆ ವಾಕ್ಯ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಭದ್ರತೆಗಾಗಿ ಎರಡು.) ಅಷ್ಟುದ್ದದ್ದನ್ನು ಹತ್ತು ನಿಮಿಷಕ್ಕೊಮ್ಮೆ ಬರೆಯುವುದು ಯಾರಿಂದ ಸಾಧ್ಯ? ಅದಕ್ಕೇ ಗುಟ್ಟಾಗಿ ಒಂದೇ ಒಂದು ಸಾಲು ಸೇರಿಸಿದ್ದರು: ಬಂದವನು ಯಜಮಾನನಾದರೆ ಎಂದೆಂದಿಗೂ ಹೊರಗೆ ಹಾಕತಕ್ಕದ್ದಲ್ಲ. ದೂರುಗಳೆಲ್ಲ ಯಜಮಾನನಿಗೇ ಬರುತ್ತವೆಂದು ತಮ್ಮ ಫೋನಿಗೆ ಯಾವ ಸೂಚನೆಯೂ ಬರದಂತೆ ಕಿವಿಯನ್ನೂ ಮುಚ್ಚಿಕೊಂಡಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹೆಂಡತಿ ಬಚ್ಚಲಿನಲ್ಲಿದ್ದಳು. ಒಲೆಯ ಮೇಲೆ ಹಾಲಿಟ್ಟು ಕಾಯಲು ಗಂಡನಿಗೆ ಹೇಳಿದ್ದಳು. ಬಚ್ಚಲಿನಿಂದ ಹಾಡು ಕೇಳಿಬಂತು. ಬೀಗಪ್ಪನವರಿಗೆ ರೇಗಿತು. ಅಡುಗೆಮನೆಯ ಟ್ಯಾಬಿನಲ್ಲೇ ಯಜಮಾನರಾಗಿ ಒಳಹೊಕ್ಕು, 'ಬಚ್ಚಲಲ್ಲಿ ಹಾಡುವವರಿಗೆ ಸಮಯ ಕಡಿತ' ಎಂಬ ಹೊಸ ಕಾನೂನು ಬರೆಯತೊಡಗಿದರು. ಕಾನೂನು ಮುಗಿಯುವ ಹೊತ್ತಿಗೆ ಹಾಲು ಉಕ್ಕಿ ಒಲೆ, ಕಟ್ಟೆ, ನೆಲವೆಲ್ಲ ಹಾಲಿನ ಹೊಳೆ. ಒರೆಸಿ, ಬೈಸಿಕೊಂಡು, ಅಂಗಿ ಬದಲಿಸಿ ಆಫೀಸಿಗೆ ಓಡಿದರು. ಹೊರಬಾಗಿಲ ಬೀಗವನ್ನು ಎಂದಿನಂತೆ ಎರಡು ಸಲ ಜಗ್ಗಿ ನೋಡಿದರು, ಒಳಗೆ ಅತ್ತೆಯವರು ಕೂತಿದ್ದಾರೆಂಬುದನ್ನೂ ಮರೆತು. ಟ್ಯಾಬಿನಿಂದ ಹೊರಬರುವುದನ್ನಂತೂ ನೆನೆಯಲೇ ಇಲ್ಲ.

ಆಫೀಸಿನಲ್ಲಿ ಆ ವಾರ ಅವರ ಪಾಲಿಗೆ ದೊಡ್ಡ ವಾರ. ಭದ್ರತಾ ವಿಭಾಗಕ್ಕೆ ಹೊಸ ಮುಖ್ಯಸ್ಥರನ್ನು ಆರಿಸುವುದಿತ್ತು. ಹನ್ನೆರಡು ವರ್ಷ ಕಾದ ಹುದ್ದೆ, ಬಾಯಿಗೆ ಬಂದ ತುತ್ತು. ಆರಿಸಬೇಕಾದವರು ಕಂಪನಿಯ ಮೇಡಂ. ಸಣ್ಣ ದನಿ, ಸಣ್ಣ ನಗು, ಆದರೆ ಅವರು "ಹೌದಾ?" ಎಂದು ಕೇಳಿದರೆ ಎದುರಿನವರಿಗೆ ತಮ್ಮ ಹೆಸರೇ ಸರಿಯೋ ತಪ್ಪೋ ಎಂದು ಅನುಮಾನ ಬರುತ್ತಿತ್ತು. ಮಂಗಳವಾರ ಬೆಳಿಗ್ಗೆ ಅವರೆದುರು ಬೀಗಪ್ಪನವರು ಸೆಷನ್ ಭದ್ರತೆಯ ಬಗ್ಗೆ ಅಮೋಘ ಭಾಷಣ ಮಾಡಿದರು. "ಸೆಷನ್ ತೆರೆದಿಟ್ಟು ಎದ್ದು ಹೋಗುವವನು ಮೂರ್ಖ. ಅವನಿಗೆ ಅವಕಾಶ ಕೊಡುವ ವ್ಯವಸ್ಥೆ ಶತಮೂರ್ಖ. ನನ್ನ ವ್ಯವಸ್ಥೆಯಲ್ಲಿ ಯಾರಿಗೂ ವಿನಾಯಿತಿ ಇಲ್ಲ" ಎಂದು ಮೇಜು ಗುದ್ದಿದರು. ಆವೇಶದಲ್ಲಿ ಮನೆಯ ವೆಬ್‌ಸೈಟಿನ ಸುದ್ದಿಯನ್ನೂ ಕೊಚ್ಚಿಕೊಂಡರು.

"ಹೌದಾ?" ಎಂದರು ಮೇಡಂ. "ಭಾನುವಾರ ನಿಮ್ಮ ಕಡೆ ಬರೋದಿದೆ. ಬಂದು ನೋಡ್ತೀನಿ. ಇಷ್ಟವಾದ್ರೆ ಅಲ್ಲೇ ನಿರ್ಧಾರ ಮಾಡಿಬಿಡೋಣ."

ಭಾನುವಾರದವರೆಗೆ ಬೀಗಪ್ಪನವರು ನೆಲದ ಮೇಲೆ ನಡೆಯಲಿಲ್ಲ, ಅಡುಗೆಮನೆಗಂತೂ ಕಾಲಿಡಲೇ ಇಲ್ಲ. ಮನೆಯಲ್ಲೂ ಏನೋ ಬದಲಾವಣೆ. ಅತ್ತೆಯವರು ಎಂದಿಲ್ಲದ ಅಕ್ಕರೆಯಿಂದ "ಊಟ ಸರಿಯಾಗಿ ಮಾಡಿ, ಮೈಯಲ್ಲಿ ಶಕ್ತಿ ಬೇಕಾಗುತ್ತೆ" ಎನ್ನುತ್ತಿದ್ದರು. ಹೆಂಡತಿ "ಭಾನುವಾರ ಸಂಜೆಗೆ ರೆಡಿ ತಾನೇ?" ಎಂದು ಕೇಳಿ ಒಳಗೊಳಗೇ ನಗುತ್ತಿದ್ದಳು. ಕೊನೆಗೂ ಇವರಿಗೆ ತನ್ನ ಬೆಲೆ ತಿಳಿಯಿತು ಎಂದುಕೊಂಡರು ಯಜಮಾನರು.

ಭಾನುವಾರ ಮಧ್ಯಾಹ್ನ ಮೇಡಂ ಬಂದರು. ಬೀಗಪ್ಪನವರು ಅವರನ್ನು ಕೂರಿಸಿ, ಚಹಾ ಕೊಡಿಸಿ, ವರ್ಣನೆ ಶುರುಮಾಡಿದರು. ಚೀಟಿ ಹೇಗೆ ಕಳ್ಳರ ಕಣ್ಣಿಗೆ ಬೀಳುವುದಿಲ್ಲ, ಪ್ರತಿ ಸಲ ಒಳಬಂದಾಗಲೂ ಹೇಗೆ ಹಳೆಯ ಚೀಟಿ ಹರಿದು ಹೊಸದು ಹುಟ್ಟುತ್ತದೆ, ಎಲ್ಲವನ್ನೂ ಹೇಳಿದರು. ಪ್ರಯೋಗಕ್ಕೆಂದು ಅತ್ತೆಯವರ ಫೋನನ್ನು ಮೇಜಿನ ಮೇಲೆ ತೆರೆದಿಟ್ಟು ಎಲ್ಲರನ್ನೂ ಕಾಯಿಸಿದರು. ಹತ್ತು ನಿಮಿಷಕ್ಕೆ ಸರಿಯಾಗಿ 'ನಿಮ್ಮ ಅವಧಿ ಮುಗಿದಿದೆ' ಎಂದು ಬಂತು.

"ದಿನಾ ಇದೇ ಮರ್ಯಾದೆ ಮೇಡಂ," ಎಂದರು ಅತ್ತೆಯವರು. "ಆದ್ರೂ ನಮ್ಮ ಅಳಿಯಂದಿರು ದೊಡ್ಡ ಮನುಷ್ಯರು. ತಪ್ಪು ಒಪ್ಪಿಕೊಂಡಿದ್ದಾರೆ. ಫ್ರಿಜ್ಜಿನ ಮೇಲೆ ಅವರ ಪ್ರಕಟಣೆ ಇದೆ, ಓದಿ ನೋಡಿ."

ಪ್ರಕಟಣೆ? ಬೀಗಪ್ಪನವರು ಕಪ್ಪನ್ನು ಕೆಳಗಿಟ್ಟರು. ಅವರು ಏಳುವಷ್ಟರಲ್ಲಿ ಮೇಡಂ ಅಡುಗೆಮನೆಯಲ್ಲಿದ್ದರು. ಬೆರಳು ತಾಗಿದ್ದೇ ತಡ, ಟ್ಯಾಬು ಬೆಳಗಿತು. ಮೇಲೆ 'ಸ್ವಾಗತ, ಯಜಮಾನರೇ.' ಅದರ ಕೆಳಗಿದ್ದದ್ದನ್ನು ಮೇಡಂ ತಮ್ಮ ಸಣ್ಣ ದನಿಯಲ್ಲೇ ಎಲ್ಲರಿಗೂ ಕೇಳುವಂತೆ ಓದತೊಡಗಿದರು.

"'ಈ ಮೂಲಕ ಮನೆಯ ಸಮಸ್ತರ ಅವಗಾಹನೆಗೆ ತರುವುದೇನೆಂದರೆ, ಯಜಮಾನನೆನಿಸಿಕೊಂಡ ನಾನು ಪಾತ್ರೆ, ಬಚ್ಚಲು ಹಾಗೂ ಕಸದ ಸರದಿಗಳಿಂದ ನನಗೆ ನಾನೇ ವಿನಾಯಿತಿ ನೀಡಿಕೊಂಡಿದ್ದು, ಸದರಿ ವಿನಾಯಿತಿಯು ನ್ಯಾಯಸಮ್ಮತವಲ್ಲವೆಂದು ಮನಗಂಡಿರುತ್ತೇನೆ. ಆದಕಾರಣ ಬರುವ ಭಾನುವಾರ ಸಂಜೆಯಿಂದ ಸದರಿ ಸರದಿಗಳನ್ನು ನಾನೊಬ್ಬನೇ ನಿರ್ವಹಿಸತಕ್ಕದ್ದು. ಮಾನ್ಯ ಅತ್ತೆಯವರ ಅವಧಿಯನ್ನು ಅನಿರ್ದಿಷ್ಟ ಕಾಲದವರೆಗೆ ವಿಸ್ತರಿಸಿ ಆದೇಶಿಸಿದೆ.'" ಮೇಡಂ ಪರದೆಯನ್ನು ಮೇಲೆ ಸರಿಸಿ ಮುಂದುವರಿಸಿದರು. "'ತಾಜಾ ಕಲಂ: ನಾನು ಗೊರಕೆ ಹೊಡೆಯುವುದಿಲ್ಲ ಅಂತ ಇಷ್ಟು ವರ್ಷ ವಾದ ಮಾಡಿದ್ದು ಶುದ್ಧ ಸುಳ್ಳು.'"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಜಾ ಕಲಂ ಯಾರದೆಂದು ಬೀಗಪ್ಪನವರಿಗೆ ಆಗಲೇ ತಿಳಿದುಹೋಯಿತು.

"ಇದನ್ನ ನೀವೇ ಬರೆದಿದ್ದಾ?" ಎಂದರು ಮೇಡಂ.

ಕಳ್ಳನಿಗೆ ಚೇಳು ಕುಟುಕಿದರೆ ಏನು ಮಾಡುತ್ತಾನೆ? ಹಲ್ಲು ಕಚ್ಚುತ್ತಾನೆ. 'ನಾನಲ್ಲ' ಎಂದರೆ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ವೆಬ್‌ಸೈಟಿನಲ್ಲಿ, ತನ್ನದೇ ಅತ್ತೆ ತನ್ನ ಸೆಷನ್ ಕದ್ದರೆಂದು ಒಪ್ಪಿಕೊಂಡಂತೆ; ಹುದ್ದೆ ಅಲ್ಲಿಗೆ ಮಣ್ಣುಪಾಲು. 'ನಾನೇ' ಎಂದರೆ ಜೀವಮಾನವಿಡೀ ಪಾತ್ರೆ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೀಗಪ್ಪನವರು ನುಂಗಿದರು. ಮುಖ್ಯಸ್ಥನಾದ ಮೇಲೆ ಪಾತ್ರೆ ತೊಳೆಯುವ ಯಂತ್ರ ಕೊಂಡರಾಯಿತು ಎಂದು ಧೈರ್ಯ ತಂದುಕೊಂಡರು.

"ಹೌದು ಮೇಡಂ, ನಾನೇ. ಪ್ರತಿ ಅಕ್ಷರವೂ ನಂದೇ."

"ಗೊರಕೆದೂ?" ಎಂದಳು ಹೆಂಡತಿ.

"ಗೊರಕೆದೂ. ಮನುಷ್ಯ ಯಾವಾಗಲಾದ್ರೂ ಒಂದು ದಿನ ತನ್ನ ಅಂತರಂಗ ನೋಡಿಕೊಳ್ಳಬೇಕು ಮೇಡಂ. ನಾನು ನೋಡಿಕೊಂಡೆ. ಕಣ್ಣಲ್ಲಿ ನೀರು ಬಂತು. ಬರೆದೆ." ಹೇಳುತ್ತ ಹೇಳುತ್ತ ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಪಾತ್ರೆಗಳು ಕಣ್ಣೆದುರಿಗೇ ಇದ್ದವಲ್ಲ.

"ಬಹಳ ಸಂತೋಷ," ಎಂದರು ಮೇಡಂ. "ಒಂದೇ ಅನುಮಾನ. ಕೆಳಗೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಅಂತಿದೆ. ಆಗ ನೀವು ನನ್ನೆದುರಿಗೆ ಮೇಜು ಗುದ್ದುತ್ತ ಇದ್ರಿ. ಸೆಷನ್ ತೆರೆದಿಟ್ಟು ಎದ್ದು ಹೋಗೋನು ಏನು ಅಂದ್ರಿ? ಮರೆತುಹೋಯ್ತು."

ಬೀಗಪ್ಪನವರಿಗೆ ಮರೆತಿರಲಿಲ್ಲ.

"ಬರೆದೋಳು ನಾನು ಮೇಡಂ," ಎಂದರು ಅತ್ತೆಯವರು, ಯಾವ ಅಳುಕೂ ಇಲ್ಲದೆ. "ಕಚೇರೀಲಿ ಟೈಪಿಸ್ಟ್ ಆಗಿದ್ದೆ. ಮೂವತ್ತೈದು ವರ್ಷ ಬರ್ದಿದ್ದೆಲ್ಲ ಸಾಹೇಬ್ರ ಹೆಸರಲ್ಲೇ. ಅವರೇನು ಒಂದು ಸಾಲು ಬರೀತಿದ್ರಾ? 'ನೀವೇ ಏನಾದ್ರೂ ಹಾಕಿ' ಅಂತ ಎದ್ದು ಹೋಗೋರು. ಇಲ್ಲೂ ಮೇಲೆ ಯಜಮಾನ್ರ ಹೆಸರಿತ್ತು, ಕೆಳಗೆ ಜಾಗ ಖಾಲಿ ಇತ್ತು, ಯಜಮಾನ್ರು ಎದ್ದು ಹೋಗಿದ್ರು. ನಾನೇ ಏನೋ ಹಾಕ್ದೆ."

"ಮಂಗಳವಾರದಿಂದ ಇದು ಹೀಗೇ ತೆರೆದಿದೆಯಾ?" ಎಂದು ಮೇಡಂ ಬೀಗಪ್ಪನವರ ಕಡೆ ತಿರುಗಿದರು. "ನಿಮ್ಮ ಸೆಷನ್ನಿಗೆ ಯಾಕೆ ಅವಧಿ ಇಲ್ಲ?"

"ನನ್ನ ಪಾಸ್‌ವರ್ಡ್ ಸ್ವಲ್ಪ ಉದ್ದ, ಮೇಡಂ."

ಮೇಡಂ ನಕ್ಕರು. ಆ ಸಣ್ಣ ನಗುವಿನಲ್ಲಿ ಹನ್ನೆರಡು ವರ್ಷದ ಆಸೆ ಸದ್ದಿಲ್ಲದೆ ಸುಟ್ಟುಹೋಯಿತು. "ಕಳ್ಳರು ಚೀಟಿ ಕದೀತಾರೆ ಅಂತ ಭಾಷಣ ಮಾಡಿದ್ರಿ. ಇಲ್ಲಿ ಯಾರೂ ಕದ್ದಿಲ್ಲ, ನೀವೇ ಬಿಟ್ಟು ಹೋಗಿದ್ದೀರಿ. ಹೆಂಗಸರಿಗೆ ಹತ್ತು ನಿಮಿಷ, ನಿಮಗೆ ಆಜೀವ. ಮೊದಲು ಆ ವಿನಾಯಿತಿ ಅಳಿಸಿ. ಹುದ್ದೆ ವಿಷಯ ಮುಂದಿನ ವರ್ಷ ನೋಡೋಣ." ಚೀಲ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಅತ್ತೆಯವರಿಗೆ ಹೇಳಿದರು, "ಭಾಷೆ ಬಹಳ ಚೆನ್ನಾಗಿದೆ ಅಮ್ಮ. 'ಸದರಿ' ಅನ್ನೋ ಪದ ಕೇಳಿ ಎಷ್ಟು ಕಾಲವಾಗಿತ್ತು!"

ಬಾಗಿಲು ಮುಚ್ಚಿತು. ಬೀಗಪ್ಪನವರಿಗೆ ಅಳುವೊಂದು ಕಡೆ, ಸಿಟ್ಟೊಂದು ಕಡೆ. ಆದರೂ ಒಂದು ಸಮಾಧಾನವಿತ್ತು. "ಸರಿ, ಹುದ್ದೆ ಹೋಯ್ತು. ಆದ್ರೆ ಬರೆದೋನು ನಾನಲ್ಲ ಅಂತ ಎಲ್ರೆದುರಿಗೂ ಸಾಬೀತಾಯ್ತಲ್ಲ? ಹಾಗಾದ್ರೆ ಪ್ರಕಟಣೆ ರದ್ದು!"

"ಅದ್ಹೇಗ್ರೀ?" ಎಂದಳು ಹೆಂಡತಿ, ಹಲ್ಲು ಕೀಳುವ ಮುಂಚಿನ ಮೃದುವಾದ ದನಿಯಲ್ಲಿ. "'ಪ್ರತಿ ಅಕ್ಷರವೂ ನಂದೇ' ಅಂದಿದ್ದು ಅಮ್ಮನಾ? ಕಣ್ಣಲ್ಲಿ ನೀರು ಬಂದಿದ್ದು ಯಾರಿಗೆ? ಬೇಕಾದ್ರೆ ಮೇಡಂಗೇ ಫೋನ್ ಮಾಡಿ ಕೇಳೋಣ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತದೆ ಗಾದೆ. ಅಳಿಯನಿಗೆ ಯಾವ ಕಾಲವೆಂದು ಅದು ಹೇಳುವುದಿಲ್ಲ. ಅವನಿಗೆ ಕಾಲವೇ ಇಲ್ಲವೇನೋ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ. ಬೀಗಪ್ಪನವರು ಲ್ಯಾಪ್‌ಟಾಪು ಇಳಿಸಿ ಆ ಗುಟ್ಟಿನ ಸಾಲನ್ನು ಅಳಿಸಿದರು. ಯಜಮಾನನಿಗೂ ಹತ್ತೇ ನಿಮಿಷ. ಸಂಜೆ ಟ್ಯಾಬಿನಲ್ಲಿ ಇಡೀ ವಾಕ್ಯ ಬರೆದು ಒಳಹೊಕ್ಕು, ತೋಳು ಮಡಚಿ ತೊಟ್ಟಿಯೆದುರು ನಿಂತರು. ಸೀದುಹೋದ ಬಾಣಲೆಯೊಂದು ಬಹಳ ಸತಾಯಿಸಿತು. ಕೊನೆಯ ಲೋಟ ಬೋರಲು ಹಾಕಿ, ಮೊಣಕೈವರೆಗೆ ಸೋಪಿನ ನೊರೆಯೊಂದಿಗೆ 'ಮುಗಿಯಿತು' ಗುಂಡಿ ಒತ್ತಲು ತಿರುಗಿದರೆ, ಪರದೆಯ ತುಂಬ ದಪ್ಪಕ್ಷರ:

'ನಿಮ್ಮ ಅವಧಿ ಮುಗಿದಿದೆ.'

"ಅಯ್ಯೋ ಪಾಪ!" ಎಂದು ಅತ್ತೆಯವರು ಕುರ್ಚಿಯಿಂದೆದ್ದು ಬಂದರು. ದನಿಯಲ್ಲಿ ಕುಹಕವಿರಲಿಲ್ಲ, ಸೋತವರ ಮೇಲೆ ಅವರಿಗೆ ಎಂದೂ ಹಗೆಯಿಲ್ಲ. "ಗುಂಡಿ ಒತ್ತದಿದ್ರೆ ನಾಳೆ ಸರದಿನೂ ನಿಮ್ಮ ಕೊರಳಿಗೇ ಬೀಳುತ್ತೆ ಅಂತ ನೀವೇ ಕಾನೂನು ಮಾಡಿದ್ದೀರಿ. ಒತ್ತಿಬಿಟ್ರೆ ನಾಳೆದನ್ನ ನಾನು ತೊಳೀತೀನಿ, ಮೊದಲ ದಿನ ಅಲ್ವಾ. ಕೈ ಒದ್ದೆ ಇದೆ, ಪಾಸ್‌ವರ್ಡ್ ಹೇಳಿ, ನಾನು ಟೈಪ್ ಮಾಡ್ತೀನಿ. ನನ್ನ ಸ್ಪೀಡು ಗೊತ್ತಲ್ಲ."

ಸೊಂಟದ ನೋವಿನಲ್ಲಿ ಬೀಗಪ್ಪನವರ ತಲೆ ಓಡುತ್ತಿರಲಿಲ್ಲ. ನಾಳೆ ಬಿಡುವು ಎಂಬುದೊಂದೇ ಕಿವಿಗೆ ಬಿದ್ದದ್ದು. "ಅತ್ತೆ…" ಎಂದು ರಾಗ ಎಳೆದರು.

ಅತ್ತೆಯವರ ಬೆರಳುಗಳು ಆಗಲೇ ಪಟಪಟ ಎಂದವು. "ಅ-ತ್ತೆ! ಬಾರೇ ಇಲ್ಲಿ, ನಿನ್ನ ಗಂಡನ ಪಾಸ್‌ವರ್ಡು ನನ್ನಿಂದಲೇ ಶುರುವಾಗುತ್ತೆ ಕಣೇ!" ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮಗನಿಗಿಂತ ಹೆಚ್ಚಾದ್ರಿ ಅಳಿಯಂದ್ರೇ. ಬಾಯಲ್ಲಿ ಏನೇ ಅನ್ನಿ, ಮನಸಿನಾಳದಲ್ಲಿ ನಾನೇ ಇದ್ದೀನಿ. ಹ್ಞೂಂ, ಹೇಳಿ. ಅತ್ತೆ, ಆಮೇಲೆ?"

ಹೆಂಡತಿಯೂ ಬಂದು ನಿಂತಳು. ಅತ್ತೆಯವರ ಹತ್ತೂ ಬೆರಳುಗಳು ಗಾಜಿನ ಮೇಲೆ ಕಾಯುತ್ತಿದ್ದವು.

"ಆಮೇಲೆ ಏನೂ ಬೇಡ ಅತ್ತೆ," ಎಂದರು ಬೀಗಪ್ಪನವರು. "ನಾಳೆನೂ ನಾನೇ ತೊಳೀತೀನಿ."